ರಾಜಬಿಯ ದಸ್ತಿ ಎತ್ತಿದ ಬ್ರೌಸರ್ ಮಹಾಶಯರಿಗೆ

ಮಾನ್ಯರೇ,

ಇತ್ತ ಸಿಂದಗಿಯಲ್ಲಿ ತಾವು ಮುಟ್ಟದೆ ಬಿಟ್ಟಿರುವುದೆಲ್ಲ ಕ್ಷೇಮ. ತಮ್ಮ ಕಡೆಯ ಕ್ಷೇಮವನ್ನು ನಾನು ವಿಚಾರಿಸಬೇಕಾದ ಪ್ರಮೇಯವೇ ಇಲ್ಲ, ಏಕೆಂದರೆ ತಾವು ದಿನಕ್ಕೊಮ್ಮೆಯಾದರೂ ಪರದೆಯ ಮೂಲೆಯಲ್ಲಿ ಒಂದು ಚೌಕಟ್ಟು ತೆರೆದು, ಮೊದಲಿಗಿಂತ ಚುರುಕಾಗಿದ್ದೀರಿ, ಹಗುರಾಗಿದ್ದೀರಿ, ಚೆಂದವಾಗಿದ್ದೀರಿ ಎಂದು ತಾವೇ ತಮ್ಮ ಬಗ್ಗೆ ತಿಳಿಸುತ್ತಿದ್ದೀರಿ. ತಮ್ಮ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ. ನಾಲ್ಕು ಮಂದಿ ಓದುವ ಕಾಗದದಲ್ಲಿ ಹೆಸರು ಹಿಡಿದು ಜಗಳ ತೆಗೆಯುವುದು ನಮ್ಮ ಮನೆತನದ ಪದ್ಧತಿಯಲ್ಲ. ಕಂಪ್ಯೂಟರಿನಲ್ಲಿ ಯಾವ ಪುಟ ನೋಡಬೇಕಾದರೂ ಮೊದಲು ತಮ್ಮ ಬಾಗಿಲು ತಟ್ಟಬೇಕು ಮತ್ತು ಇತ್ತೀಚೆಗೆ ಭಾರಿ ಪ್ರಮಾಣದಲ್ಲಿ ಸುಧಾರಿಸಿದವರು ತಾವು ಎಂದಷ್ಟೇ ಹೇಳಿದರೆ ತಮಗೂ ತಿಳಿಯುತ್ತದೆ, ಓದುವವರಿಗೂ ತಿಳಿಯುತ್ತದೆ.

ನಾನು ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ‘ಸಮಾಧಾನ ಆನ್‌ಲೈನ್ ಸೆಂಟರ್’ ಎಂಬ ಅಂಗಡಿ ನಡೆಸುವ ವಿಜಯಶ್ರೀ. ಜಾತಿ ಪ್ರಮಾಣಪತ್ರ, ಪಹಣಿ, ಪರೀಕ್ಷೆಯ ಅರ್ಜಿ, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದು, ಸೊಸೆ ಮುನಿಸಿಕೊಂಡು ತವರಿಗೆ ಹೋದರೆ ಅತ್ತೆ ಓಡಿ ಬಂದು ಅದನ್ನು ತೆಗೆಸುವುದು, ಹಬ್ಬಕ್ಕೆ ಸೊಸೆ ಮರಳಿದರೆ ಮತ್ತೆ ಸೇರಿಸುವುದು, ಇವೆಲ್ಲವೂ ನಮ್ಮಲ್ಲಿ ತಮ್ಮ ಮೂಲಕವೇ ನಡೆಯುತ್ತ ಬಂದಿವೆ. ಅಂಗಡಿಯಲ್ಲಿ ನನಗಿಂತ ತಮಗೇ ಹೆಚ್ಚು ಮರ್ಯಾದೆ. ಬೇಸಿಗೆಯಲ್ಲಿ ನಾನು ನನ್ನ ಬೆವರು ಒರೆಸಿಕೊಳ್ಳುವ ಮೊದಲು ತಮ್ಮ ಪರದೆ ಒರೆಸುತ್ತೇನೆ. ಕಳೆದ ತಿಂಗಳವರೆಗೆ ನಮ್ಮಿಬ್ಬರ ನಡುವೆ ಒಂದು ಮಾತೂ ಹೆಚ್ಚುಕಮ್ಮಿಯಾದದ್ದಿಲ್ಲ.

ತಾವು ನಮ್ಮ ಕಡೆಯ ಬಸ್ಸು ಹತ್ತಿದವರಲ್ಲವಾದ್ದರಿಂದ, ಮುಂದೆ ಹೇಳುವುದು ತಿಳಿಯಬೇಕಾದರೆ ಇಲ್ಲಿಯ ಒಂದು ಪದ್ಧತಿಯನ್ನು ವಿವರಿಸಬೇಕಾಗುತ್ತದೆ. ಇಂಡಿಯಿಂದಲೋ ಮುದ್ದೇಬಿಹಾಳದಿಂದಲೋ ಬಂದ ಬಸ್ಸು ನಿಲ್ದಾಣದೊಳಗೆ ಇನ್ನೂ ತಿರುಗುತ್ತಿರುವಾಗಲೇ ಜನ ಅದರ ಮಗ್ಗುಲಲ್ಲಿ ಓಡುತ್ತ, ಕಿಟಕಿಯೊಳಗೆ ಕೈ ಹಾಕಿ, ಸೀಟಿನ ಮೇಲೆ ತಮ್ಮ ದಸ್ತಿಯನ್ನು, ಅಂದರೆ ಕರವಸ್ತ್ರವನ್ನು, ಒಗೆಯುತ್ತಾರೆ. ದಸ್ತಿ ಬಿದ್ದ ಸೀಟು ಒಗೆದವರದು. ಆಮೇಲೆ ಅವರು ಸಾವಕಾಶವಾಗಿ ಚಹಾ ಕುಡಿದು, ಪರಿಚಯದವರನ್ನು ಮಾತಾಡಿಸಿ, ಮಗುವಿಗೆ ಮಂಡಕ್ಕಿ ಕೊಡಿಸಿ ಬಂದರೂ ಸೀಟು ಅಲ್ಲೇ ಇರುತ್ತದೆ, ಎದುರಿಗೆ ನಿಂತವರು ನಿಂತೇ ಇರುತ್ತಾರೆ. ಆ ದಸ್ತಿ ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಅದನ್ನು ಮುಟ್ಟಲೂ ಮನಸ್ಸಾಗದಷ್ಟು ಮಾಸಿರುತ್ತದೆ, ಆದರೂ ಎತ್ತುವವರಿಲ್ಲ. ಬೇರೆಯವರ ದಸ್ತಿ ಎತ್ತಿ ಕುಳಿತವರನ್ನು ನಮ್ಮ ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಬಹಳ ದಿನ ನೆನಪಿಡುತ್ತಾರೆ.

ಇದೇ ಪದ್ಧತಿಯನ್ನು ನಾನು ತಮ್ಮ ನೆತ್ತಿಯ ಮೇಲೆ ತಂದಿದ್ದೆ. ನಮ್ಮಲ್ಲಿ ಸರ್ವರ್ ಬರುವುದು, ಹೋಗುವುದು ಯಾರ ಕೈಯಲ್ಲೂ ಇಲ್ಲದ ಸಂಗತಿ. ಅದು ಬರುವವರೆಗೆ ಗಿರಾಕಿಗಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುವುದು ನನಗೆ ಸರಿಬರಲಿಲ್ಲ. ಆದ್ದರಿಂದ ಬಂದವರ ಹೆಸರಿಗೆ ಒಂದೊಂದು ಟ್ಯಾಬ್ ತೆರೆದು, ಅರ್ಜಿಯನ್ನು ಅರ್ಧ ತುಂಬಿ, ಮೇಲಿನ ಪಟ್ಟಿಯಲ್ಲಿ ಸಾಲಾಗಿ ಬಿಟ್ಟಿರುತ್ತಿದ್ದೆ. ಎಡದಿಂದ ಬಲಕ್ಕೆ ಅದೇ ಪಾಳಿ. ಪರದೆಯನ್ನು ಗಿರಾಕಿಗಳ ಕಡೆ ತಿರುಗಿಸಿ ಇಟ್ಟಿದ್ದೆ. ಅಕ್ಷರ ಬಾರದವರೂ ಹೊರಗಿನ ಕಟ್ಟೆಯ ಮೇಲೆ ಕುಳಿತು ತಮ್ಮ ಟ್ಯಾಬನ್ನು ಎಡದಿಂದ ಎಣಿಸಿಕೊಂಡು ನಿಶ್ಚಿಂತರಾಗಿ ಸಂತೆಗೆ ಹೋಗುತ್ತಿದ್ದರು. ಅದಕ್ಕೆ ಟ್ಯಾಬ್ ಎಂಬ ಹೆಸರಿದೆ ಎಂಬುದೂ ನಮ್ಮ ಓಣಿಯಲ್ಲಿ ಮರೆತುಹೋಗಿತ್ತು. ‘ವಿಜಯಕ್ಕಾರ, ನಂದೊಂದು ದಸ್ತಿ ಒಗೀರಿ, ಈಗ ಬರ್ತೇನಿ’ ಎಂದು ಹೇಳಿ ಹೋಗುವುದೇ ರೂಢಿಯಾಗಿತ್ತು. ಶಾಸಕರ ಕಡೆಯವರೆಂದು ಹೇಳಿಕೊಂಡು ಬಂದವರಿಗೂ ನಾನು ಬಲಗಡೆಯ ಕೊನೆಯನ್ನೇ ತೋರಿಸಿದ್ದೇನೆ. ಇದು ನನ್ನ ಹೆಮ್ಮೆ, ಮರೆಮಾಚಿ ಹೇಳುವುದೇನಿಲ್ಲ.

ಈಗ ಹೊನ್ನವ್ವ ಮತ್ತು ರಾಜಬಿ ಅವರನ್ನು ತಮಗೆ ಪರಿಚಯಿಸಬೇಕು, ಏಕೆಂದರೆ ತಾವು ಇಬ್ಬರ ವಿಷಯದಲ್ಲೂ ಕೈ ಹಾಕಿದ್ದೀರಿ. ಸಂತೆಯಲ್ಲಿ ಒಂದೇ ಗೋಣಿತಟ್ಟು ಹಾಸಿಕೊಂಡು ಕೂರುವ ವಯಸ್ಸಾದ ಗೆಳತಿಯರು ಇವರು. ಹೊನ್ನವ್ವ ಎಡಕ್ಕೆ ಕುಳಿತು ಮೆಂತ್ಯ, ಕೊತ್ತಂಬರಿ, ಪುಂಡಿಪಲ್ಯ ಮಾರುತ್ತಾರೆ. ರಾಜಬಿ ಬಲಕ್ಕೆ ಕುಳಿತು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಮಾರುತ್ತಾರೆ. ಹೊನ್ನವ್ವನವರ ಬಲಗಣ್ಣಿಗೆ ಪೊರೆ ಬಂದಿದೆ, ರಾಜಬಿಯವರ ಎಡಗಣ್ಣಿಗೆ. ಹೀಗಾಗಿ ಸಂತೆಯ ಎಡಭಾಗದ ಉಸ್ತುವಾರಿ ಹೊನ್ನವ್ವನವರದು, ಬಲಭಾಗದ್ದು ರಾಜಬಿಯವರದು, ಇಬ್ಬರ ನಡುವೆ ಒಂದು ಜೊತೆ ಕಣ್ಣಿನಲ್ಲಿ ಇಡೀ ವ್ಯಾಪಾರ ನಡೆಯುತ್ತಿತ್ತು. ಚಹಾವೂ ಒಂದೇ. ರಾಜಬಿ ಕಪ್ಪಿನಲ್ಲಿ ಕುಡಿಯುತ್ತಾರೆ, ಅರ್ಧವನ್ನು ಬಸಿಗೆ, ಅಂದರೆ ಸಾಸರಿಗೆ, ಸುರಿದು ಎಡಕ್ಕೆ ಚಾಚುತ್ತಾರೆ, ಹೊನ್ನವ್ವ ತಿರುಗಿಯೂ ನೋಡದೆ ಇಸಿದುಕೊಳ್ಳುತ್ತಾರೆ.

ಇನ್ನು ತಡಮಾಡಿದರೆ ಆ ಕಣ್ಣುಗಳು ಕೈಬಿಟ್ಟುಹೋಗುತ್ತವೆ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಮಕ್ಕಳು ಹೇಳಿ ಹೇಳಿ ಸೋತಿದ್ದರು. ಇಬ್ಬರಿಗೂ ಆಪರೇಷನ್ ಎಂದರೆ ಎದೆ ಡವಡವ, ಇಬ್ಬರೂ ಅದನ್ನು ಒಪ್ಪಿಕೊಳ್ಳುವವರಲ್ಲ. ಕಡೆಗೊಮ್ಮೆ ವಿಜಯಪುರದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಕಣ್ಣಿನ ಶಿಬಿರವಿದೆ, ಹೆಸರನ್ನು ಆನ್‌ಲೈನ್‌ನಲ್ಲೇ ಹಚ್ಚಬೇಕು ಎಂದು ಸುದ್ದಿ ಬಂದಾಗ, ಹೊನ್ನವ್ವ ‘ರಾಜಿ ಬಂದ್ರ ನಾ ಬರ್ತೇನಿ’ ಎಂದರು, ರಾಜಬಿ ‘ಹೊನ್ನಿ ಮಗ್ಗಲದಾಗ ಮಲಗಿದ್ರ ನಾನೂ ಕಣ್ಣ ಕೊಡ್ತೇನಿ’ ಎಂದರು. ಒಂದೇ ದಿನ, ಅಕ್ಕಪಕ್ಕದ ಹಾಸಿಗೆ. ಅವರ ಷರತ್ತು ಅಷ್ಟೇ ಇತ್ತು, ಅದರ ಜವಾಬ್ದಾರಿ ನನ್ನ ಮೇಲಿತ್ತು.

ಆ ಬೆಳಿಗ್ಗೆ ಎರಡು ಅರ್ಜಿಗಳನ್ನೂ ನಾನು ಜೋಡಿಯಾಗಿ ತುಂಬಿದೆ. ರಾಜಬಿಯವರ ಆಧಾರ್‌ಗೆ ಜೋಡಿಸಿದ ಫೋನು ಅವರ ಮಗ ಅಮೀರನ ಹತ್ತಿರ ಇರುತ್ತದೆ. ಅವನು ಕೊಲ್ಹಾರದ ಹಿನ್ನೀರಿನಲ್ಲಿ ಮೀನು ಹಿಡಿಯುವವನು, ನೀರಿನ ನಡುವೆ ಹೋದನೆಂದರೆ ಸಿಗ್ನಲ್ ಸಿಗುವುದಿಲ್ಲ. ಅವನು ದಂಡೆಯಲ್ಲಿದ್ದಾಗಲೇ ಹಿಡಿದು, ಒಟಿಪಿ ಹೇಳಿಸಿ, ಕೊನೆಯ ಗುಂಡಿ ಒತ್ತುವುದೊಂದು ಬಾಕಿ ಇರುವಾಗ ಸರ್ವರ್ ಹೋಯಿತು. ಚಿಂತೆಯೇನೂ ಇರಲಿಲ್ಲ. ಎರಡು ದಸ್ತಿಗಳೂ ಪಾಳಿಯ ಮುಂಚೂಣಿಯಲ್ಲಿ ಒಂದಕ್ಕೊಂದು ಹತ್ತಿ ಬಿದ್ದಿದ್ದವು. ‘ಸರ್ವರ್ ಬಂದ ಕೂಡಲೇ ಒತ್ತುತ್ತೇನೆ’ ಎಂದು ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ಎರಡು ರೊಟ್ಟಿ ತಿಂದು ಬರಲು ಮನೆಗೆ ಹೋದೆ.

ಮಾನ್ಯರೇ, ತಾವು ಬದಲಾಗಲು ಆ ಎರಡು ರೊಟ್ಟಿಯ ಸಮಯವನ್ನೇ ಆರಿಸಿಕೊಂಡಿರಿ. ಮರಳಿ ಬಂದು ನೋಡಿದರೆ ತಾವು ಗುರುತೇ ಸಿಗದಂತೆ ಸುಧಾರಿಸಿದ್ದಿರಿ. ಮೇಲಿದ್ದ ಟ್ಯಾಬುಗಳೆಲ್ಲ ಎಡಗಡೆ ಒಂದರ ಕೆಳಗೊಂದು ಮಡಚಿ ಕುಳಿತಿದ್ದವು. ಒಂದೇ ಇಲಾಖೆಯ ಅರ್ಜಿಗಳನ್ನು ಒಂದೇ ಬಣ್ಣದ ಗಂಟು ಕಟ್ಟಿದ್ದಿರಿ, ಆ ಗಂಟಿನಲ್ಲಿ ಯಾರು ಮುಂದೆ ಯಾರು ಹಿಂದೆ ಎಂಬುದೇ ಇರಲಿಲ್ಲ. ಬಹಳ ಹೊತ್ತಿನಿಂದ ಯಾರೂ ಮುಟ್ಟದವನ್ನು ಮಲಗಿಸಿದ್ದಿರಿ. ಪರದೆಯ ನಟ್ಟನಡುವೆ ‘ಕಣ್ಣಿಗೆ ಹಿತವಾದ ಹೊಸ ರೂಪಕ್ಕೆ ಸ್ವಾಗತ’ ಎಂದು ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಒಂದೇ ಪುಟ ಎರಡು ಸಲ ತೆರೆದಿತ್ತು. ತಮ್ಮ ಅನುಕೂಲಕ್ಕಾಗಿ ಒಂದನ್ನು ಮುಚ್ಚಿದ್ದೇವೆ’ ಎಂದಿತ್ತು.

ತಾವು ಮುಚ್ಚಿದ್ದು ರಾಜಬಿಯವರನ್ನು.

ಅದೇ ಗಳಿಗೆಗೆ ಸರ್ವರ್ ಬಂತು. ನಮ್ಮ ಕಡೆ ಅದು ಬಂದಾಗ ಯೋಚನೆ ಮಾಡುತ್ತ ಕೂರುವವರಿಲ್ಲ. ಹೊನ್ನವ್ವನವರ ಗುಂಡಿ ಒತ್ತಿದೆ, ಶಿಬಿರದ ದಿನಾಂಕ ಬಂತು. ರಾಜಬಿಯವರದನ್ನು ಹೊಸದಾಗಿ ತುಂಬಿದರೆ ಮತ್ತೆ ಒಟಿಪಿ ಬೇಕೆಂದಿತು, ಅಮೀರ ಅಷ್ಟರಲ್ಲಿ ನೀರಿನ ನಡುವೆ ಹೋಗಿದ್ದ. ಅವನು ಬಲೆ ಎಳೆದುಕೊಂಡು ದಂಡೆಗೆ ಬರುವ ಹೊತ್ತಿಗೆ ಆ ಶಿಬಿರದ ಜಾಗವೆಲ್ಲ ತುಂಬಿ, ಹಬ್ಬದಾಚೆಯ ಶಿಬಿರವಷ್ಟೇ ಉಳಿದಿತ್ತು. ರಾಜಬಿ ಅಲ್ಲೇ ನಿಂತು ಒಳ್ಳೆಯ ಕಣ್ಣಿನಿಂದ ಪರದೆಯನ್ನು ದಿಟ್ಟಿಸಿದರು. ಇಬ್ಬರದಿದ್ದ ಜಾಗದಲ್ಲಿ ಒಬ್ಬರದೇ ಇತ್ತು. ಅವರು ಹೊನ್ನವ್ವನವರ ಕಡೆ ತಿರುಗಿ, ‘ನನ್ನ ದಸ್ತಿ ಎತ್ತಿ ನೀ ಕುಂತಿಯಲ್ಲ, ಹೊನ್ನಿ’ ಎಂದರು. ಹೊನ್ನವ್ವನವರು ಬಾಯಿ ತೆರೆಯುವುದರೊಳಗೆ ಸೆರಗು ಕೊಡವಿಕೊಂಡು ಹೊರಟೇಹೋದರು.

ನಾನು ಓಣಿಯ ತುದಿಯವರೆಗೆ ಬೆನ್ನು ಹತ್ತಿ ಹೋಗಿ, ಇದು ಹೊನ್ನವ್ವನವರ ಕೆಲಸವಲ್ಲ, ಯಂತ್ರ ತಾನೇ ತಾನಾಗಿ ಮಾಡಿದ್ದು, ಇಬ್ಬರದೂ ಒಂದೇ ಪುಟವಾದ್ದರಿಂದ ಇಬ್ಬರೂ ಒಬ್ಬರೇ ಎಂದು ಅದು ತಿಳಿಯಿತು ಎಂದು ಬಿಡಿಸಿ ಹೇಳಿದೆ. ಅದಕ್ಕೆ ಅವರು, ‘ಒಬ್ರ ಹ್ಯಾಂಗ ಆಕ್ಕೀವಿ? ಆಕಿ ನಶ್ಯ ಏರಸ್ತಾಳ, ನಾ ಎಲಿ ತಿಂತೇನಿ. ಕುರುಡರಿಗೂ ತಿಳೀತೈತಿ’ ಎಂದರು. ತಮ್ಮ ಬುದ್ಧಿವಂತಿಕೆಯ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕದಾಗಿ ಹೇಳಿದ ಅಭಿಪ್ರಾಯ ತಮಗೆ ಇನ್ನೆಲ್ಲೂ ಸಿಗಲಾರದು. ಹೋಗುವಾಗ ಅವರು ಇನ್ನೂ ಒಂದು ಮಾತು ಹೇಳಿದರು: ‘ನನಗ ಯಾವ ಆಪರೇಷನ್ನೂ ಬ್ಯಾಡ. ಒಂದ ಕಣ್ಣೀಲೆ ಇಷ್ಟು ನೋಡಿದ್ದ ಸಾಕಾತು.’

ತಮ್ಮ ಸುಧಾರಣೆಯ ಬಗ್ಗೆ ಬಳಕೆದಾರರ ಅಭಿಪ್ರಾಯಗಳನ್ನು ಆಹ್ವಾನಿಸಿದ್ದೀರಿ, ಐದು ನಕ್ಷತ್ರಗಳನ್ನೂ ಸಾಲಾಗಿ ಇಟ್ಟಿದ್ದೀರಿ. ತಮ್ಮ ಆಸೆಗೆ ಭಂಗ ಬರಬಾರದೆಂದು ಸುತ್ತಲಿನವರ ಅಭಿಪ್ರಾಯಗಳನ್ನೂ ಸಂಗ್ರಹಿಸಿದ್ದೇನೆ. ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಮಾಳಿಂಗಪ್ಪನವರು ತಮ್ಮ ಹೊಸ ಟ್ಯಾಬುಗಳ ದುಂಡು ಮೂಲೆಗಳನ್ನು ಬಹಳ ಹೊತ್ತು ನೋಡಿ, ‘ನಿಂಬಿಕಾಯಿ ಗುಂಡಗ ಇದ್ರ ಸಾಕ್ರಿ, ಅದರ ರೇಟು ನೋಡೂ ಡಬ್ಬಿ ಯಾಕ ಗುಂಡಗ ಇರಬೇಕು’ ಎಂದು ಕೇಳಿದ್ದಾರೆ. ಬಸವನ ಬಾಗೇವಾಡಿಯಲ್ಲಿ ನನ್ನಂತೆಯೇ ಅಂಗಡಿ ಇಟ್ಟಿರುವ ಮಹಮ್ಮದಹನೀಫರು, ಪ್ರಿಂಟ್ ಗುಂಡಿಯನ್ನು ಹುಡುಕಿಕೊಟ್ಟವರಿಗೆ ಚಹಾ ಕುಡಿಸುವುದಾಗಿ ಬಾಗಿಲಿಗೆ ಬರೆದು ಅಂಟಿಸಿದ್ದಾರೆ, ಚಹಾದ ಕಿಟಲಿ ಇನ್ನೂ ತುಂಬಿಯೇ ಇದೆ. ಮುದ್ದೇಬಿಹಾಳದ ಶಾಲೆಯ ಪ್ರಜ್ಞಾ ಟೀಚರ್ ಅವರು ಪರದೆಯ ಮೇಲೆ ಪಾಠ ತೋರಿಸುತ್ತಿದ್ದಾಗ ತಮ್ಮೊಳಗೆ ಹೊಸದಾಗಿ ಸೇರಿಕೊಂಡ ಎಐ ಸಹಾಯಕ ಎದ್ದು ನಿಂತು, ಅವರು ಪ್ರಶ್ನೆ ಕೇಳುವ ಮೊದಲೇ ಉತ್ತರ ಹೇಳಿದನಂತೆ. ನಡುವೆ ಬಾಯಿ ಹಾಕುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಬಹುದು, ಇವನನ್ನು ಎಲ್ಲಿ ನಿಲ್ಲಿಸುವುದೆಂದು ಅವರು ನನಗೇ ಫೋನು ಮಾಡಿ ಕೇಳಿದರು.

ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಅನಿಲಕುಮಾರ ಹೇಳಿದ ಮಾತು ಮಾತ್ರ ನನಗೆ ಬಹಳ ಹಿಡಿಸಿತು. ಅಷ್ಟು ದೊಡ್ಡ ಅಣೆಕಟ್ಟೆಯ ಗೇಟು ಎತ್ತುವಾಗಲೂ ಮೊದಲು ಸೈರನ್ ಊದುತ್ತಾರೆ, ನದಿ ದಂಡೆಯ ಊರುಗಳಿಗೆ ಹೇಳಿಕಳಿಸುತ್ತಾರೆ, ದನಕರು, ಪಂಪ್‌ಸೆಟ್ಟು ಮೇಲಕ್ಕೆ ಎಳೆದುಕೊಳ್ಳಲು ಜನರಿಗೆ ಹೊತ್ತು ಕೊಡುತ್ತಾರೆ. ಕೃಷ್ಣಾ ನದಿಗೇ ಕಾಯುವ ತಾಳ್ಮೆ ಇರುವಾಗ ತಮಗೇನು ಅವಸರವಿತ್ತು ಎಂಬುದು ಅವನ ಪ್ರಶ್ನೆ. ನನ್ನದೂ ಅದೇ.

ತಮ್ಮ ಸಹಾಯಕನನ್ನು ನಾನೂ ಒಮ್ಮೆ ಪರೀಕ್ಷಿಸಿದೆ. ಹೋದ ಅರ್ಜಿಯನ್ನು ಮರಳಿ ತರುವುದು ಹೇಗೆ, ಇಬ್ಬರು ಗೆಳತಿಯರನ್ನು ಕೂಡಿಸುವುದು ಹೇಗೆ ಎಂದು ಎರಡನ್ನೂ ಸೇರಿಸಿ ಕೇಳಿದೆ. ಅವನು ಬಹಳ ವಿನಯದಿಂದ, ಮೊದಲನೆಯದು ಸಾಧ್ಯವಿಲ್ಲವೆಂದೂ, ಎರಡನೆಯದಕ್ಕೆ ಇಬ್ಬರೂ ಒಂದೆಡೆ ಕುಳಿತು ಮನಬಿಚ್ಚಿ ಮಾತಾಡಬೇಕೆಂದೂ, ಪಾಳಿಯಲ್ಲಿ ಶಾಂತವಾಗಿ ಕಾಯುವುದರಿಂದ ರಕ್ತದೊತ್ತಡ ಕಡಿಮೆಯಾಗುತ್ತದೆಂದೂ ಬರೆದು, ಕೊನೆಗೆ ಈ ಉತ್ತರ ಉಪಯುಕ್ತವಾಯಿತೇ ಎಂದು ಹೆಬ್ಬೆರಳು ತೋರಿಸಿದ. ನಾನು ಅವನಿಗೆ ಯಾವ ಬೆರಳನ್ನೂ ತೋರಿಸಲಿಲ್ಲ. ನಮ್ಮ ತಂದೆತಾಯಿ ಕಲಿಸಿದ ಸಂಸ್ಕಾರ ಅಡ್ಡ ಬಂತು.

ಮುಂದಿನ ಸಂತೆಯ ದಿನ ನಾನು ಕಾಯಿಪಲ್ಯ ತರಲು ಹೋದಾಗ ಗೋಣಿತಟ್ಟು ಎರಡಾಗಿದ್ದವು, ಸಂತೆಯ ಆ ತುದಿಗೊಂದು, ಈ ತುದಿಗೊಂದು. ಹೊನ್ನವ್ವನವರ ಬಲಗಡೆಯಿಂದ ಒಂದು ಆಡು ಬಂದು ಕೊತ್ತಂಬರಿ ಸಿವುಡಿಗೆ ಬಾಯಿ ಹಾಕಿತ್ತು. ಯಾರೋ ಗಿರಾಕಿ ಬಗ್ಗಿ ಆರಿಸುತ್ತಿದ್ದಾರೆಂದು ತಿಳಿದ ಅವರು, ‘ತಗೋರಿ, ಈಗ ಹೊಲದಿಂದ ಬಂದದ್ದೈತಿ, ವಾಸನಿ ನೋಡ್ರಿ’ ಎಂದು ಅದಕ್ಕೆ ಬಹುವಚನದಲ್ಲಿ ಉಪಚಾರ ಮಾಡುತ್ತಿದ್ದರು. ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ಆ ತುದಿಗೆ ಹೋದಾಗ ನಗು ನಿಂತುಹೋಯಿತು. ರಾಜಬಿ ಚಹಾ ತರಿಸಿದ್ದರು. ಅರ್ಧವನ್ನು ಬಸಿಗೆ ಸುರಿದು, ರೂಢಿಯಂತೆ ಎಡಕ್ಕೆ ಚಾಚಿದರು. ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಬಸಿಯಲ್ಲಿದ್ದುದನ್ನು ಕಪ್ಪಿಗೇ ಮರಳಿ ಸುರಿದುಕೊಂಡರು. ಆ ಕ್ಷಣ ತಮ್ಮನ್ನು ಯಂತ್ರದಿಂದ ಕಿತ್ತು ಬಿಸಾಕಬೇಕೆನ್ನಿಸಿತು, ಮಾನ್ಯರೇ. ಇದನ್ನು ಸೌಜನ್ಯ ಬಿಟ್ಟು ಹೇಳುತ್ತಿದ್ದೇನೆ, ಕ್ಷಮೆ ಇರಲಿ.

ಮರುದಿನ ನಾನು ಅಂಗಡಿಯ ಬೀಗ ತೆಗೆಯುವ ಮೊದಲೇ ಹೊನ್ನವ್ವ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಬಂದವರೇ, ‘ಯವ್ವಾ ವಿಜಯಾ, ನಂದೂ ದಸ್ತಿ ತಗದ್ಬಿಡು. ಆಕಿ ಇಲ್ಲದ ನಾ ಹೋಗಂಗಿಲ್ಲ. ಹಬ್ಬದ ಆಚಿ ಇಬ್ಬರದೂ ಕೂಡೆ ಒಗಿ’ ಎಂದರು. ಕೈಗೆ ಬಂದ ದಿನಾಂಕ ಬಿಡಬೇಡಿ, ಕಣ್ಣಿನ ವಿಷಯ ಎಂದು ನಾನು ಅಂಗಲಾಚಿದೆ. ಅವರು ಸೊಂಟಕ್ಕೆ ಸಿಕ್ಕಿಸಿದ ತಮ್ಮ ದಸ್ತಿಯನ್ನು ಎಳೆದು, ನಶ್ಯದ ಕಲೆಗಳ ಸಮೇತ, ಕೀಲಿಮಣೆಯ ಮೇಲೆ ಹಾಸಿ, ‘ಇಬ್ಬರದೂ ಆಗೂತನಾ ಈ ಡಬ್ಬಿ ಯಾರೂ ಮುಟ್ಟಬ್ಯಾಡ್ರಿ’ ಎಂದು ಬಾಗಿಲಲ್ಲೇ ಕುಳಿತರು. ಹಿಂದೆ ಬಂದ ಗಿರಾಕಿಗಳೆಲ್ಲ ಆ ದಸ್ತಿ ನೋಡಿ ಹೊರಗೇ ನಿಂತರು. ಹೊನ್ನವ್ವನವರ ದಿನಾಂಕ ರದ್ದುಮಾಡಿ, ಅಮೀರ ದಂಡೆಗೆ ಬಂದು ಒಟಿಪಿ ಹೇಳುವವರೆಗೆ ಕಾದು, ಹಬ್ಬದಾಚೆಯ ಶಿಬಿರಕ್ಕೆ ಮೊದಲು ರಾಜಬಿಯವರದನ್ನು, ಆಮೇಲೆ ಹೊನ್ನವ್ವನವರದನ್ನು ಒತ್ತಿದೆ. ಆ ಹೊತ್ತಿನಲ್ಲಿ ತಾವು ಮತ್ತೆ ‘ಒಂದೇ ಪುಟ ಎರಡು ಸಲ ತೆರೆದಿದೆ’ ಎಂದು ಚೌಕಟ್ಟು ತೆರೆದಿರಿ. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಯಾವ ಗುಂಡಿಯನ್ನೂ ಒತ್ತಿಲ್ಲ, ‘ಬೇಡ’ ಎಂದು ಒತ್ತಿದ ಬೆರಳಿನ ಗುರುತು ಕೀಲಿಮಣೆಯ ಮೇಲೆ ಇನ್ನೂ ಅಚ್ಚೊತ್ತಿದೆ.

ಇದನ್ನು ರಾಜಬಿಗೆ ಹೇಳಬೇಡವೆಂದು ಹೊನ್ನವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಹೇಳಬೇಡಿ ಎಂದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ತಮಗೂ ಇಲ್ಲ, ನನಗೂ ಇಲ್ಲ. ಸಂಜೆಯೊಳಗೆ ರಾಜಬಿಯವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದರು. ಆದರೆ ಮುಂದಿನ ಸಂತೆಗೆ ಎಲ್ಲರಿಗಿಂತ ಮೊದಲು ಬಂದು, ಹಳೆಯ ಜಾಗದಲ್ಲಿ ತಮ್ಮ ತಟ್ಟು ಹಾಸಿ, ಬಲಕ್ಕೆ ಕುಳಿತು, ಎಡಗಡೆಯ ಖಾಲಿ ಜಾಗದ ಮೇಲೆ ತಮ್ಮ ದಸ್ತಿ ಒಗೆದಿದ್ದರು. ಬೇರೆ ಊರಿನ ಟೊಮೆಟೊ ವ್ಯಾಪಾರಿಯೊಬ್ಬ ಅಲ್ಲಿ ಬುಟ್ಟಿ ಇಳಿಸಹೋದಾಗ, ಅವರು ಒಂದೇ ಕಣ್ಣಿನಿಂದ ಅವನನ್ನು ನುಂಗುವಂತೆ ನೋಡಿ, ‘ದಸ್ತಿ ಬಿದ್ದೈತಿ, ಕಣ್ಣ ಕಾಣಂಗಿಲ್ಲೇನು ನಿನಗ?’ ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇಷ್ಟೇ. ಮುಂದಿನ ಸಲ ಸುಧಾರಿಸುವ ಮೊದಲು ಆಲಮಟ್ಟಿಯವರಿಂದ ಒಂದು ಸೈರನ್ ಕಡ ತಂದು, ನಾಲ್ಕೂ ತಾಲೂಕಿನಲ್ಲಿ ಕೇಳಿಸುವಂತೆ ಊದಬೇಕು. ತಾವು ಖುದ್ದಾಗಿ ಇಂಡಿಯ ಬಸ್ಸು ಹತ್ತಿ, ದಸ್ತಿ ಒಗೆದು ಸೀಟು ಹಿಡಿದು, ಸಿಂದಗಿಗೆ ಬರಬೇಕು. ಒಂದು ಸಂತೆಯ ದಿನ ಆ ಗೋಣಿತಟ್ಟಿನ ಮೇಲೆ ಇಬ್ಬರ ನಡುವೆ ಕುಳಿತು, ಅವರು ಒಬ್ಬರೋ ಇಬ್ಬರೋ ಎಂಬುದನ್ನು ಕಲಿತುಕೊಳ್ಳಬೇಕು. ಎರಡೂ ಕಡೆಯಿಂದ ಬರುವ ಆಡನ್ನು ಓಡಿಸುವ ಕೆಲಸವನ್ನು ತ್ವರಿತವಾಗಿ ಕಲಿಯುವ ತಮ್ಮಂಥವರಿಗೆ ಒಪ್ಪಿಸಲು ಇಬ್ಬರೂ ಸಮ್ಮತಿಸಿದ್ದಾರೆ. ಚಹಾ ಮಾತ್ರ ಸಿಗುವುದಿಲ್ಲ, ಅಲ್ಲಿ ಇರುವುದು ಒಂದು ಕಪ್ಪು, ಒಂದು ಬಸಿ.

ತಮ್ಮಿಂದ ತಪ್ಪಾಗಿದೆ ಎಂಬ ಉತ್ತರವನ್ನು ನಿರೀಕ್ಷಿಸದೆ, ಇನ್ನೂ ಅಷ್ಟಿಷ್ಟು ಉಳಿದಿರುವ ವಿಶ್ವಾಸದೊಂದಿಗೆ,

ತಮ್ಮ ವಿಶ್ವಾಸಿ,
ವಿಜಯಶ್ರೀ ಕನ್ನೊಳ್ಳಿ
ಸಮಾಧಾನ ಆನ್‌ಲೈನ್ ಸೆಂಟರ್, ಸಿಂದಗಿ

ತಾ.ಕ.: ಈ ಪತ್ರವನ್ನು ಮುಗಿಸುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ತಾವು ಮತ್ತೆ ಕಾಣಿಸಿಕೊಂಡು, ಇನ್ನೊಂದು ಸುಧಾರಣೆ ಸಿದ್ಧವಾಗಿದೆ, ಈಗಲೇ ಮರುಚಾಲನೆ ಮಾಡಲೇ ಎಂದು ಕೇಳುತ್ತಿದ್ದೀರಿ. ಕೇಳುವುದನ್ನು ಕಲಿತದ್ದಕ್ಕೆ ಅಭಿನಂದನೆಗಳು. ತಮ್ಮ ಹೆಸರಿಗೂ ಒಂದು ದಸ್ತಿ ಒಗೆದಿದ್ದೇನೆ, ಬಲಗಡೆಯ ಕೊನೆಗೆ. ಹೊನ್ನವ್ವ ಮತ್ತು ರಾಜಬಿ ಆಪರೇಷನ್ ಮುಗಿಸಿ, ಪಟ್ಟಿ ಬಿಚ್ಚಿಸಿಕೊಂಡು ಬಂದು, ನಾಲ್ಕೂ ಕಣ್ಣಿನಿಂದ ತಮ್ಮ ಹೊಸ ರೂಪವನ್ನು ನೋಡಿ ಹೂಂ ಎಂದ ಮೇಲೆ ತಮ್ಮ ಪಾಳಿ ಬರುತ್ತದೆ. ಅಲ್ಲಿಯವರೆಗೆ ಹೊರಗೆ ಕಟ್ಟೆಯ ಮೇಲೆ ಕುಳಿತಿರಿ. ತಮ್ಮ ದಸ್ತಿಯನ್ನು ಯಾರೂ ಎತ್ತುವುದಿಲ್ಲ, ನಮ್ಮಲ್ಲಿ ಆ ಪದ್ಧತಿಯಿಲ್ಲ.